ಆಮೆನ್ ಹೇಳದ ಪ್ರಾರ್ಥನೆ

ದೇವರ ಜೊತೆ ನನಗೆ ಮಾತುಕತೆ ಇದೆ ಎಂದರೆ ಜನ ಮೆಲ್ಲಗೆ ದೂರ ಸರಿಯುತ್ತಾರೆ. ಜಗಳ ಇದೆ ಎಂದರೆ ಹತ್ತಿರ ಬಂದು ಕೂರುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನನಗಿರುವುದು ಜಗಳವೇ. ಅದು ಹುಟ್ಟಿದ್ದು ಯಾವ ಬೆಟ್ಟದ ತುದಿಯಲ್ಲೂ ಅಲ್ಲ; ಚಾಮರಾಜಪೇಟೆಯಲ್ಲಿ ನಾವಿದ್ದ ಹೆಂಚಿನ ಮನೆಯ ನಡುಮನೆಯಲ್ಲಿ, ಈಚಲ ಚಾಪೆಯ ಮೇಲೆ, ಸಾಯಂಕಾಲದ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ. ಇದನ್ನು ಬರೆಯಲು ಕೂರುವ ಮುಂಚೆ ಅಣ್ಣನನ್ನು ವಿಚಾರಿಸಿದೆ. "ಚಾಪೆ ಎಲ್ಲಿತ್ತೇ? ಜಮಖಾನ ಅಲ್ವಾ ಹಾಸ್ತಿದ್ದಿದ್ದು?" ಎಂದ. ಚಾಪೆಯ ಗೆರೆಗಳು ಮೂಡುತ್ತಿದ್ದದ್ದು ನನ್ನ ಮೊಣಕಾಲಿನ ಮೇಲೆ. ಅವನು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಮೆತ್ತಗಿರುವ ಜಾಗ ಹುಡುಕಿಕೊಳ್ಳುತ್ತಿದ್ದ. ಹೀಗಾಗಿ ಅವನಿಗೆ ಜಮಖಾನದ ನೆನಪು, ನನಗೆ ಚಾಪೆಯ ನೆನಪು. ಒಂದೇ ಮನೆಯಲ್ಲಿ ಬೆಳೆದವರು ಒಂದೇ ಬಾಲ್ಯದಲ್ಲಿ ಬೆಳೆದಿರುತ್ತಾರೆ ಎಂದು ನಂಬುವುದು ಮೂಢನಂಬಿಕೆ. ನಮ್ಮ ಕ್ರೈಸ್ತ ಸಭೆಯವರು ಮೂಢನಂಬಿಕೆಗಳ ಮೇಲೆ ಬಹಳ ಉಪನ್ಯಾಸ ಮಾಡಿದ್ದಾರೆ. ಇದನ್ನು ಮಾತ್ರ ಮುಟ್ಟಲಿಲ್ಲ.

ಮೊದಮೊದಲು ನಮ್ಮ ಮನೆಯ ಪ್ರಾರ್ಥನೆ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಅಪ್ಪ ಸತ್ಯವೇದದ ಒಂದು ಅಧ್ಯಾಯ ಓದುತ್ತಿದ್ದರು. ಒಂದು ಕೀರ್ತನೆ ಹಾಡುತ್ತಿದ್ದೆವು, ಅಣ್ಣ ಒಂದು ಶ್ರುತಿಯಲ್ಲಿ, ಉಳಿದವರು ಇನ್ನೊಂದರಲ್ಲಿ. ಆಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿದರೆ ಅಪ್ಪ ಅಚ್ಚಾದ ಪುಸ್ತಕದಿಂದ ಅಂದಿನ ಪ್ರಾರ್ಥನೆಯನ್ನು ಓದಿ ಮುಗಿಸುತ್ತಿದ್ದರು. ಆಮೆನ್ ಎನ್ನುವಾಗ ಸಾರಿನ ಒಗ್ಗರಣೆಯ ವಾಸನೆ ಇನ್ನೂ ಹಾಗೇ ಇರುತ್ತಿತ್ತು. ದೇವರಿಗೂ ನಮಗೂ ಬೀಗರ ಸಂಬಂಧದ ಹಾಗೆ ಇತ್ತು, ಮರ್ಯಾದೆಗೆ ಕೊರತೆಯಿಲ್ಲ, ಸಲಿಗೆಗೆ ಜಾಗವಿಲ್ಲ.

ಇದನ್ನು ಕೆಡಿಸಿದವರು ಹೊಸದಾಗಿ ಬಂದ ಬಿಳಿಯ ದೊರೆ ಪಾದ್ರಿ. ಒಂದು ಭಾನುವಾರ ಅವರು ತಮ್ಮ ಇಸ್ತ್ರಿ ಹಾಕಿದಂಥ ಕನ್ನಡದಲ್ಲಿ, ಪುಸ್ತಕದ ಪ್ರಾರ್ಥನೆ ಸಾಲದು, ಕುಟುಂಬದ ಪ್ರತಿಯೊಬ್ಬ ಸದಸ್ಯನೂ ದೇವರ ಸಂಗಡ ಸ್ವಂತ ಸಂಬಂಧವನ್ನು ಬೆಳೆಸಿಕೊಳ್ಳತಕ್ಕದ್ದು ಎಂದು ಬೋಧಿಸಿದರು. ಸಭೆಯಲ್ಲಿದ್ದ ಬೇರೆಯವರು ಇದನ್ನು ಕೇಳಿ ಮನೆಗೆ ಹೋಗಿ ಊಟ ಮಾಡಿ ಮಲಗಿದರು. ನಮ್ಮ ಅಪ್ಪ ಮಲಗುವವರಲ್ಲ. ಅವರು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ವಾಕ್ಯಗಳಲ್ಲಿ ತಪ್ಪು ಹುಡುಕಿ, ಸಂಜೆಯಿಂದ ಮಲಗುವವರೆಗೆ ನಮ್ಮಲ್ಲಿ ಹುಡುಕುತ್ತಿದ್ದರು. ಅಂದು ಸಾಯಂಕಾಲವೇ ಪುಸ್ತಕವನ್ನು ಪಕ್ಕಕ್ಕಿಟ್ಟು, "ಇನ್ಮೇಲೆ ಒಬ್ಬೊಬ್ಬರೂ ಸ್ವಂತವಾಗಿ ಪ್ರಾರ್ಥನೆ ಮಾಡ್ಬೇಕು, ಗಟ್ಟಿಯಾಗಿ. ಚಿಕ್ಕವರಿಂದ ಶುರು," ಎಂದರು. ಚಿಕ್ಕವಳು ನಾನು. ಬಳೇಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವಷ್ಟು ದೊಡ್ಡವಳಾಗಿದ್ದೆ, ಮನೆಯ ಚಾಪೆಯ ಮೇಲೆ ಮಾತ್ರ ಚಿಕ್ಕವಳು. ಹೀಗೆ ನಮ್ಮ ಮನೆಯಲ್ಲಿ ದೇವರ ಸಂಗಡದ ಸ್ವಂತ ಸಂಬಂಧಕ್ಕೆ ಹೊತ್ತು ಗೊತ್ತಾಯಿತು, ಸರದಿ ಗೊತ್ತಾಯಿತು, ಸಾಲದ್ದಕ್ಕೆ ಪ್ರಾರ್ಥನೆ ಮುಗಿದ ಮೇಲೆ ಅಪ್ಪನ ತಿದ್ದುಪಡಿಯೂ ಇರುತ್ತಿತ್ತು. "ಸುಗುಣಾ, ನಿನ್ನ ಪ್ರಾರ್ಥನೇಲಿ ಸ್ವಂತದ್ದು ಏನೂ ಇರ್ಲಿಲ್ಲ. ನಿನ್ನೆ ಹೇಳಿದ್ದನ್ನೇ ಹೇಳಿದೆ." ನಿನ್ನೆಯ ನಾನೇ ಇವತ್ತೂ ಇದ್ದೇನೆ, ಏನು ಮಾಡಲಿ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ.

ಎರಡು ಕಟ್ಟಳೆಗಳನ್ನು ಅಪ್ಪ ಮಾಡಿದ್ದರು, ಅವನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಬ್ಬರು ಪ್ರಾರ್ಥಿಸುವಾಗ ಆಮೆನ್ ಬರುವ ತನಕ ಯಾರೂ ಏಳಬಾರದು, ಕಣ್ಣು ಬಿಡಬಾರದು, ಅಡ್ಡ ಮಾತಾಡಬಾರದು. ಮತ್ತು ಆ ಆಮೆನ್ ಅನ್ನು ಶುರು ಮಾಡಿದವರೇ ಮೊದಲು ಹೇಳಬೇಕು. "ಇನ್ನೊಬ್ಬರ ಪ್ರಾರ್ಥನೆಗೆ ಪೂರ್ಣವಿರಾಮ ಹಾಕೋ ಹಕ್ಕು ಯಾರಿಗೂ ಇಲ್ಲ" ಎನ್ನುತ್ತಿದ್ದರು. ಒಮ್ಮೆ ದೀನಮ್ಮತ್ತೆ ಪ್ರಾರ್ಥಿಸುತ್ತಿದ್ದಾಗ ಬೀದಿನಾಯಿಯೊಂದು ನಮ್ಮೆಲ್ಲರನ್ನೂ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ಉರುಳಿಸಿ, ಏನನ್ನೋ ಕಚ್ಚಿಕೊಂಡು ಹೊರಟುಹೋಯಿತು. ಎಲ್ಲರಿಗೂ ಕೇಳಿಸಿತು, ಯಾರೂ ಅಲುಗಲಿಲ್ಲ. ಅತ್ತೆ ಮಾತ್ರ ಅದನ್ನೂ ಒಳಗೆ ಸೇರಿಸಿಕೊಂಡರು: "ಕರ್ತನೇ, ಬಾಗಿಲು ಹಾಕದೆ ಬಂದು ಮೊಣಕಾಲೂರೋರನ್ನ ಕ್ಷಮಿಸು." ಬಾಗಿಲು ಹಾಕದೆ ಬಂದವಳು ನಾನು.

ದೀನಮ್ಮತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದರು. ಮನೆಮನೆಗೂ ಹೋಗಿ ಹೆಂಗಸರಿಗೆ ಸತ್ಯವೇದ ಓದಿ ಹೇಳುವುದು ಅವರ ಕೆಲಸ. ಬಾಗಿಲು ತೆಗೆಯದ ಮನೆಗಳ ಮುಂದೆ ನಿಂತು ಮಾತಾಡಿ ಅಭ್ಯಾಸವಾದವರು, ಬಾಗಿಲು ತೆರೆದೇ ಇರುವ ನಮ್ಮಂಥವರು ಸಿಕ್ಕರೆ ಬಿಡುತ್ತಾರೆಯೇ? ಪ್ರಾರ್ಥನೆಯಿಂದ ಎರಡು ಕೆಲಸ ತೆಗೆಯಬಹುದು ಎಂದು ನಮ್ಮ ಮನೆಗೆ ತೋರಿಸಿಕೊಟ್ಟವರು ಅವರೇ. ಎದುರಿಗೆ ಹೇಳಿದರೆ ಜಗಳವಾಗುವ ಮಾತನ್ನು ದೇವರಿಗೆ ಹೇಳಿದರೆ ಯಾರೂ ಎದುರಾಡುವಂತಿಲ್ಲ. "ಕರ್ತನೇ, ಹುಳಿಗೆ ಉಪ್ಪು ಹಾಕಿದ್ದನ್ನ ಮರೆತು ಇನ್ನೊಂದು ಸಲ ಹಾಕೋ ಕೈಗಳನ್ನ ಆಶೀರ್ವದಿಸು" ಎಂದರೆ ಅದು ಅಮ್ಮನಿಗೆ. "ಕರ್ತನೇ, ಗವೀಪುರದ ಕಡೆ ಗೆಳೆಯರ ಜೊತೆ ತಿರುಗಾಡೋ ಯೌವನಸ್ಥರ ಕಾಲುಗಳನ್ನ ಮನೆ ಕಡೆ ತಿರುಗಿಸು" ಎಂದರೆ ಅದು ಅಣ್ಣನಿಗೆ. ಅಣ್ಣನೇನು ಕಡಿಮೆಯೇ? ಮರುದಿನ ತನ್ನ ಸರದಿಯಲ್ಲಿ, "ಕರ್ತನೇ, ನನ್ನ ಕಾಲು ಎಲ್ಲಿ ಹೋಗ್ತವೆ ಅಂತ ನೋಡ್ಕೊಂಡು ಹಿಂದೆ ಹಿಂದೆ ಬರೋ ಹಿರಿಯರ ಕಾಲುಗಳಿಗೂ ಬಲ ಕೊಡು" ಎಂದ. ಅಮ್ಮ ಮಾತ್ರ ಈ ಯುದ್ಧಕ್ಕೆ ಇಳಿಯಲಿಲ್ಲ. ಅವಳ ಪ್ರಾರ್ಥನೆ ದಿನವೂ ಒಂದೇ: "ಎಲ್ಲಾರ್ಗೂ ಒಳ್ಳೇದಾಗ್ಲಿ ಕರ್ತನೇ, ಆಮೆನ್." ಅಪ್ಪ ಅದರಲ್ಲಿ ಸ್ವಂತದ್ದು ಏನೂ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳು ಒಂದು ಅಕ್ಷರ ಬದಲಾಯಿಸಲಿಲ್ಲ. ಅಷ್ಟೂ ಮಂದಿಯ ಪ್ರಾರ್ಥನೆಯಲ್ಲಿ ಸ್ವಂತದ್ದು ಎನ್ನುವಂಥದ್ದು ಅದೊಂದೇ ಇತ್ತು ಎಂದು ಈಗ ತೋರುತ್ತದೆ. ಈಗ ತೋರುವುದೆಲ್ಲ ಆಗಲೂ ತೋರಿತ್ತು ಎಂದು ಬರೆಯುವುದು ಸುಲಭ, ಆದರೆ ತೋರಿರಲಿಲ್ಲ.

ಗಟ್ಟಿಯಾಗಿ ಪ್ರಾರ್ಥಿಸುವುದರಿಂದ ದೇವರಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಪಕ್ಕದ ಮನೆಯ ಪಾರ್ವತಮ್ಮನವರಿಗೆ ಪೂರ್ತಿ ಕೇಳಿಸುತ್ತಿತ್ತು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಅದರ ಮೇಲಿಂದ ಕರಿಬೇವು ಬರುತ್ತಿತ್ತು, ನಿಂಬೆಹಣ್ಣು ಹೋಗುತ್ತಿತ್ತು, ಮಾತು ಎರಡು ಕಡೆಗೂ ಓಡಾಡುತ್ತಿತ್ತು. ಕಾಫಿಯ ಲೋಟ ಮಾತ್ರ ಆ ಗೋಡೆಯನ್ನು ದಾಟಿದ್ದಿಲ್ಲ. ಅವರ ಜಾತಿಗೆ ಅದು ಆಗಿಬರುತ್ತಿರಲಿಲ್ಲ, ಅಮ್ಮನ ಜಂಬಕ್ಕೂ ಆಗಿಬರುತ್ತಿರಲಿಲ್ಲ. ಬೆಳಿಗ್ಗೆ ಗೋಡೆಯ ಬಳಿ ಪಾರ್ವತಮ್ಮ ಕೇಳುತ್ತಿದ್ದರು, "ಏನ್ರೀ ಮಾರ್ತಮ್ಮ, ನಿನ್ನೆ ಹುಳಿಗೆ ಎರಡು ಸಲ ಉಪ್ಪು ಬಿತ್ತಂತೆ?" ಅಮ್ಮ ಕೆಂಪಾಗುತ್ತಿದ್ದಳು. "ಬೇಜಾರು ಮಾಡ್ಕೋಬೇಡಿ. ನಮ್ಮನೆ ಪೂಜೆ ಮಂತ್ರದಲ್ಲಿ ಏನಿದೆ ಅಂತ ನಮ್ಮ ಯಜಮಾನ್ರಿಗೇ ಗೊತ್ತಿಲ್ಲ. ನಿಮ್ಮದು ನೋಡಿ, ಎಲ್ಲಾ ಕನ್ನಡದಲ್ಲಿ, ನನಗೂ ತಿಳಿಯತ್ತೆ. ನಮ್ಮ ಸಂಧ್ಯಾಕಾಲ ನಿಮ್ಮಿಂದಲೇ ಕಳೀತಾ ಇದೆ."

ಹೀಗೆ ಬೀದಿಗೆಲ್ಲ ಕೇಳಿಸುವ ಸ್ವಂತ ಸಂಬಂಧ ನನಗೆ ಬೇಡವಾಯಿತು. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಿ ಎಂದು ನಮ್ಮ ಶಾಸ್ತ್ರವೇ ಹೇಳುತ್ತದೆ. ಶಾಸ್ತ್ರ ಹೇಳಿದವನಿಗೆ ನಮ್ಮ ಮನೆ ಗೊತ್ತಿರಲಿಲ್ಲ. ಅಲ್ಲಿ ಒಳಗಿನಿಂದ ಚಿಲಕವಿದ್ದ ಕೋಣೆ ಉಗ್ರಾಣವೊಂದೇ. ಎರಡು ದಿನ ಪ್ರಯತ್ನಿಸಿದೆ. ಕಣ್ಣು ಮುಚ್ಚಿದ ತಕ್ಷಣ ಅಮ್ಮನಿಗೆ ಹುಣಿಸೆಹಣ್ಣು ಬೇಕಾಗುತ್ತಿತ್ತು, ಕೊಟ್ಟು ಬಂದು ಮತ್ತೆ ಕಣ್ಣು ಮುಚ್ಚಿದರೆ ಅತ್ತೆಗೆ ಅನುಮಾನ ಬರುತ್ತಿತ್ತು. "ಒಳಗೆ ಬೆಲ್ಲ ತಿಂತಾ ಇದಾಳೇನೋ ನೋಡು ಮಾರ್ತ." ಕೊನೆಗೆ ನನಗೆ ಒದಗಿದ್ದು ಹಿತ್ತಲಿನ ಬಾವಿಯ ಪಕ್ಕದ ಒಗೆಯುವ ಕಲ್ಲು. ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುವ ಸದ್ದಿನಲ್ಲಿ ಏನು ಹೇಳಿದರೂ ಪಾರ್ವತಮ್ಮನವರಿಗೂ ಕೇಳಿಸುತ್ತಿರಲಿಲ್ಲ. ಅಲ್ಲಿ ಮೊಣಕಾಲೂರಬೇಕಾಗಿಲ್ಲ, ಕಣ್ಣು ಮುಚ್ಚಿದರೆ ಬಟ್ಟೆ ಹರಿಯುತ್ತದೆ. "ನೀನು ಅಪ್ಪನ ಪಕ್ಷಾನಾ?" ಎಂದು ಒಂದು ಏಟು. "ಹಾಗಾದ್ರೆ ನನಗೆ ಬುದ್ಧಿ ಯಾಕೆ ಕೊಟ್ಟೆ?" ಎಂದು ಇನ್ನೊಂದು. ಅಣ್ಣನ ಅಂಗಿಗಳು ಆ ವರ್ಷ ಬಹಳ ಬೆಳ್ಳಗಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು, ಅತ್ತೆಗೆ ನೀವು. ಅಮ್ಮನಿಗೆ ನೀನು, ಬೆಕ್ಕಿಗೆ ನೀನು, ದೇವರಿಗೂ ನೀನು. ಹುಟ್ಟಿದಾಗಿನಿಂದ ಹೀಗೇ ಹೇಳಿಕೊಂಡು ಬಂದಿದ್ದರೂ ಒಗೆಯುವ ಕಲ್ಲಿನ ಮುಂದೆ ನಿಂತಾಗಲೇ ಅದು ನನ್ನ ತಲೆಗೆ ಹೋದದ್ದು. ದೇವರು ಕೂರುವುದು ಅಪ್ಪನ ಸಾಲಿನಲ್ಲಿ ಅಲ್ಲ, ಅಡುಗೆಮನೆಯ ಹೊಸ್ತಿಲ ಮೇಲೆ, ಅಮ್ಮನ ಪಕ್ಕದಲ್ಲಿ. ಅಮ್ಮನ ಹತ್ತಿರ ಸಿಟ್ಟು ಮಾಡಬಹುದು, ಊಟ ಬೇಡ ಎನ್ನಬಹುದು, ಅಷ್ಟಾದರೂ ಅವಳು ತಟ್ಟೆ ಹಾಕುತ್ತಾಳೆ. ಇದು ಸಭೆಯಲ್ಲಿ ಹೇಳತಕ್ಕ ಸಿದ್ಧಾಂತವಲ್ಲ. ಒಮ್ಮೆ ಹೇಳಿದೆ. ಅಲ್ಲಿಂದ ಮುಂದೆ ಭಾನುವಾರದ ಮಕ್ಕಳ ಪಾಠವನ್ನು ನನಗೆ ವಹಿಸಲಿಲ್ಲ.

ಇಷ್ಟರಲ್ಲಿ ನನ್ನ ಮದುವೆಯ ಮಾತು ಬಂತು. ತುಮಕೂರಿನ ಕಡೆ ಹಳ್ಳಿಗಳಲ್ಲಿ ಉಪದೇಶಿಯಾಗಿದ್ದ ಯೋಹಾನ ಎಂಬುವರಿಗೆ ಹೆಣ್ಣು ಬೇಕಾಗಿತ್ತು. ಪಾದ್ರಿ ಅಪ್ಪನಿಗೆ ಹೇಳಿದರು, ಅಪ್ಪ ದೇವರಿಗೆ ಹೇಳಿದರು. ನನಗೆ ಯಾರೂ ಹೇಳಲಿಲ್ಲ. ಒಂದು ದಿನ ಶಾಲೆಯಿಂದ ಬಂದು ಕೊಡೆ ಮಡಿಸುತ್ತಿದ್ದಾಗ ಅಪ್ಪ, "ನಿನ್ನ ವಿಷಯ ದೇವರ ಹತ್ರ ಮಾತಾಡಿದೀನಿ. ಒಪ್ಪಿಗೆ ಸಿಕ್ಕಿದೆ," ಎಂದರು.

"ಯಾವ ವಿಷಯ?"

"ಮದುವೆ ವಿಷಯ. ಭಾನುವಾರ ಬರ್ತಾರೆ."

"ದೇವರಾ?"

"ಯೋಹಾನ. ಅವರ ತಾಯಿ ಜೊತೆ."

"ನನ್ನ ಹತ್ರ ದೇವರು ಏನೂ ಹೇಳ್ಲಿಲ್ಲವಲ್ಲ ಅಪ್ಪ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಮನೆ ಯಜಮಾನನಿಗೆ ಹೇಳಿದ್ರೆ ಮನೆಯವರಿಗೆಲ್ಲ ಹೇಳಿದ ಹಾಗೆ."

ಹಾಗಾದರೆ ಒಬ್ಬೊಬ್ಬರಿಗೂ ಸ್ವಂತ ಸಂಬಂಧ ಯಾಕೆ ಬೇಕಿತ್ತು, ಪುಸ್ತಕವನ್ನು ಯಾಕೆ ಪಕ್ಕಕ್ಕಿಟ್ಟಿರಿ ಎಂದು ನಾನು ಆಗಲೇ ಕೇಳಿದೆನೋ, ಕಲ್ಲಿನ ಮುಂದೆ ನಿಂತು ಕೇಳಿದೆನೋ ಖಚಿತವಿಲ್ಲ. ಅಪ್ಪನ ಎದುರಿಗೇ ಕೇಳಿದೆ ಎಂದು ಬರೆದರೆ ನಾನು ಬಹಳ ಚೆನ್ನಾಗಿ ಕಾಣುತ್ತೇನೆ. ಆ ಕಾರಣಕ್ಕೇ ಅನುಮಾನ. ನನ್ನನ್ನು ಕಾಡಿದ್ದು ಗಂಡಲ್ಲ. ಗಂಡನ್ನು ನೋಡಿಯೇ ಇರಲಿಲ್ಲ. ಶಾಲೆ ಬಿಡಬೇಕಾಗುತ್ತದೆ ಎನ್ನುವ ಸಂಕಟ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ನಾನು ದಿನವೂ ಬಟ್ಟೆ ಬಡಿಯುತ್ತ ಮಾತಾಡುತ್ತಿದ್ದವನು ನನ್ನ ಬೆನ್ನ ಹಿಂದೆ ಅಪ್ಪನ ಜೊತೆ ನನ್ನ ಮದುವೆ ಗೊತ್ತು ಮಾಡಿದ್ದಾನೆ! ಹೌದಾದರೆ ಅವನು ದ್ರೋಹಿ. ಅಲ್ಲವಾದರೆ ಅಪ್ಪ ಅವನ ಹೆಸರಿನಲ್ಲಿ ತಾವೇ ವಾಕ್ಯ ಸೇರಿಸಿದ್ದಾರೆ, ಕರಡು ತಿದ್ದುವವರು ಎಂದೂ ಮಾಡಬಾರದ ಕೆಲಸ. ಎರಡರಲ್ಲಿ ಯಾವುದು ಎಂದು ನನಗೆ ತಿಳಿಯಲೇಬೇಕಾಗಿತ್ತು.

ಭಾನುವಾರ ಮೂರು ಗಂಟೆಯ ಬಿಸಿಲಿಗೆ ಜಟಕಾ ಬಂದು ನಿಂತಿತು. ಯೋಹಾನ ಎಂಬುವರು ತೆಳ್ಳಗೆ, ಉದ್ದ ಕೋಟು ಹಾಕಿಕೊಂಡು, ಬೇರೆಯವರ ಮನೆಗೆ ಬಂದು ಅಭ್ಯಾಸವಿದ್ದರೂ ಕೂರಲು ಅಭ್ಯಾಸವಿಲ್ಲದವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತರು. ಅವರ ತಾಯಿ ದೊಡ್ಡ ಮೈಯವರು, ಉಸಿರಿಗೊಮ್ಮೆ "ಸ್ತೋತ್ರ" ಎನ್ನುತ್ತಿದ್ದರು. ಅಮ್ಮ ಕಾಫಿಗೆಂದು ಒಲೆಯ ಮೇಲೆ ಹಾಲಿಟ್ಟು ಬಾಗಿಲಲ್ಲಿ ನಿಂತಳು. ಪಾರ್ವತಮ್ಮನವರ ಮನೆಯಲ್ಲಿ ಹೆಣ್ಣು ನೋಡಲು ಬಂದರೆ ಹುಡುಗಿಯ ಕೈಯಲ್ಲಿ ಒಂದು ಹಾಡು ಹೇಳಿಸುತ್ತಿದ್ದರು. ನಮ್ಮವರಲ್ಲಿ ಪ್ರಾರ್ಥನೆ ಮಾಡಿಸುತ್ತಿದ್ದರು. ಹಾಡಿನಲ್ಲಿ ಕಂಠ ಗೊತ್ತಾಗುತ್ತದೆ, ಪ್ರಾರ್ಥನೆಯಲ್ಲಿ ಗುಣ ಗೊತ್ತಾಗುತ್ತದೆ ಎಂದು ಲೆಕ್ಕ. ಎಷ್ಟೋ ಹುಡುಗಿಯರು ಇದಕ್ಕಾಗಿ ಒಂದು ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಟ್ಟುಕೊಂಡು, ನಡುನಡುವೆ ಗಂಟಲು ಕಟ್ಟಿದಂತೆ ನಿಲ್ಲಿಸುವುದನ್ನೂ ಅಭ್ಯಾಸ ಮಾಡುತ್ತಿದ್ದರು. ಅಪ್ಪ ಹೆಮ್ಮೆಯಿಂದ, "ನಮ್ಮನೇಲಿ ಪುಸ್ತಕ ನೋಡಿ ಓದೋ ಪದ್ಧತಿ ಇಲ್ಲ. ಸುಗುಣ ಸ್ವಂತವಾಗಿ ಮಾಡ್ತಾಳೆ. ಮಾಡಮ್ಮ," ಎಂದರು.

ಎಲ್ಲರೂ ಮೊಣಕಾಲೂರಿದರು. ಯೋಹಾನನ ತಾಯಿ ಕುರ್ಚಿಯನ್ನು ಹಿಡಿದು ಬಹಳ ಕಷ್ಟದಿಂದ ಇಳಿದರು. ಕಣ್ಣು ಮುಚ್ಚಿದೆವು. ನಾನು ಹೇಳಿದ್ದನ್ನು ಅಣ್ಣ ಬೇರೆ ರೀತಿ ಹೇಳುತ್ತಾನೆ, ಅವನ ಹೇಳಿಕೆಯಲ್ಲಿ ನಾನು ಇನ್ನೂ ಒರಟು. ನನಗೆ ನೆನಪಿರುವುದು ಇಷ್ಟು: "ಕರ್ತನೇ, ನನ್ನ ಮದುವೆಗೆ ಒಪ್ಪಿಗೆ ಕೊಟ್ಟಿದೀಯ ಅಂತ ಅಪ್ಪ ಹೇಳಿದ್ರು. ನನ್ನ ಹತ್ರ ನೀನು ಹೇಳ್ಲಿಲ್ಲ. ನಾನು ಇದೇ ಮನೇಲಿ ಇರೋದು, ನಿನಗೆ ಗೊತ್ತಿದೆ. ಈಗ ಎಲ್ಲಾರೂ ಇದಾರೆ. ನನಗೇ ಹೇಳು. ನೀನು ಹೇಳೋವರೆಗೂ ಕಾಯ್ತೀನಿ."

ಅಷ್ಟು ಹೇಳಿ ಸುಮ್ಮನಾದೆ. ಆಮೆನ್ ಹೇಳಲಿಲ್ಲ.

ಮೊದಲು ಎಲ್ಲರೂ ನನ್ನ ಗಂಟಲು ಕಟ್ಟಿದೆ ಎಂದುಕೊಂಡಿರಬೇಕು. ಯೋಹಾನನ ತಾಯಿ ಮೆಚ್ಚುಗೆಯಿಂದ "ಸ್ತೋತ್ರ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು "ಸ್ತೋತ್ರ" ಬಂತು, ಅದರಲ್ಲಿ ಪ್ರಶ್ನೆಯಿತ್ತು. ಬೀದಿಯಲ್ಲಿ ಜಟಕಾದ ಕುದುರೆ ತಲೆ ಕೊಡವಿ ಗೆಜ್ಜೆ ಅಲುಗಿಸಿತು. ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು. ಅವರು ಆಮೆನ್ ಹೇಳಿ ಮುಗಿಸಿಬಿಡಬಹುದಾಗಿತ್ತು. ಇನ್ನೊಬ್ಬರ ಪ್ರಾರ್ಥನೆಗೆ ಪೂರ್ಣವಿರಾಮ ಹಾಕುವ ಹಕ್ಕು ಯಾರಿಗೂ ಇಲ್ಲ ಎಂದು ಮೆರೆದವರು ಅವರೇ ಆಗಿರದಿದ್ದರೆ. ಅತ್ತೆ ಕೆಮ್ಮಿದರು. ಕೆಮ್ಮಿನಿಂದ ಕೆಲಸವಾಗದಿದ್ದಾಗ ನನ್ನ ಪ್ರಾರ್ಥನೆಯ ಮೇಲೇ ತಮ್ಮದನ್ನು ಹತ್ತಿಸಿದರು: "ಹೌದು ಕರ್ತನೇ, ಹೌದು. ಈ ಹುಡುಗಿಗೆ ಬುದ್ಧಿ ಕೊಡು. ಬೇಗ ಕೊಡು. ಬಂದವರು ಕಾಯ್ತಾ ಇದಾರೆ." ನಾನು ಅಲುಗಲಿಲ್ಲ. ಹೆದರಿಕೆಯಾಗಲಿಲ್ಲ ಎಂದರೆ ನಂಬಬೇಡಿ. ಆದರೆ ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ನನಗಾಗಿ ಕಾಯುತ್ತಿದ್ದರು, ದೇವರನ್ನೂ ಸೇರಿಸಿ. ಹಿತ್ತಲಿನ ಗೋಡೆಯ ಆಚೆಯಿಂದ ಪಾರ್ವತಮ್ಮನವರ ದನಿ ಬಂತು: "ಏನ್ರೀ ಮಾರ್ತಮ್ಮ, ನಿಂತೇ ಹೋಯ್ತಲ್ಲ?"

ಆಗ ಒಂದು ಗಂಡು ದನಿ ಮೆಲ್ಲಗೆ ಶುರುವಾಯಿತು. ಯೋಹಾನ. "ಕರ್ತನೇ, ಈಯಮ್ಮ ಹೇಳಿದ್ದು ಕೇಳಿಸ್ಕೊಂಡೆ. ನಿಜ ಹೇಳ್ಬೇಕಂದ್ರೆ ನನಗೂ ನೀನು ಏನೂ ಹೇಳಿಲ್ಲ. ಪಾದ್ರಿಗಳು ಹೋಗು ಅಂದ್ರು, ಬಂದೆ. ಊರೂರಿಗೂ ಹೋಗಿ ನಿನ್ನ ಚಿತ್ತ ಹಿಂಗೈತೆ, ನಿನ್ನ ಚಿತ್ತ ಹಂಗೈತೆ ಅಂತ ಹೇಳಿ ಹೇಳಿ ಸಾಕಾಗೈತೆ. ಇವತ್ತೊಂದಿನ ನನಗೆ ಗೊತ್ತಿಲ್ಲ ಅಂತೀನಿ." ಅಷ್ಟು ಹೇಳಿ ಅವರೂ ಸುಮ್ಮನಾದರು. ಅವರೂ ಆಮೆನ್ ಹೇಳಲಿಲ್ಲ. ಈಗ ನಮ್ಮ ನಡುಮನೆಯಲ್ಲಿ ಬಾಗಿಲು ತೆರೆದಿಟ್ಟ ಪ್ರಾರ್ಥನೆಗಳು ಎರಡಾದವು. "ಅಯ್ಯೋ ಕರ್ತನೇ, ನನ್ನ ಮಂಡಿ!" ಎಂದು ಅವರ ತಾಯಿ ಕೂಗಿದರು. ಅಪ್ಪ ಎಷ್ಟೋ ದಿನದಿಂದ ನಮ್ಮಲ್ಲಿ ಹುಡುಕುತ್ತಿದ್ದ ಸ್ವಂತ ಪ್ರಾರ್ಥನೆ ಎಂದರೆ ಅದೇ ಇರಬೇಕು, ಒಂದು ಅಕ್ಷರವೂ ತಿದ್ದುವಂತಿರಲಿಲ್ಲ.

ಮುಂದೆ ಬಂದದ್ದು ವಾಸನೆ. ಒಲೆಯ ಮೇಲಿನ ಹಾಲು ಉಕ್ಕಿ ಬೆಂಕಿಗೆ ಬೀಳುವ ವಾಸನೆ. ಎಲ್ಲರಿಗೂ ಗೊತ್ತಾಯಿತು, ನಾಯಿ ಬಂದ ದಿನದ ಹಾಗೆ ಎಲ್ಲರೂ ಕದಲದೆ ಕೂತೆವು. ಆಮೇಲೆ ಸೀರೆ ಸರಿದ ಸದ್ದು. ಕಣ್ಣು ಬಿಟ್ಟು ನೋಡಿದರೆ ಅಮ್ಮ ಎದ್ದು ನಿಂತಿದ್ದಾಳೆ.

"ಇನ್ನೂ ಆಮೆನ್ ಆಗಿಲ್ಲ!" ಎಂದು ಅಪ್ಪ ಕಣ್ಣು ಮುಚ್ಚಿಕೊಂಡೇ ಗದರಿದರು.

"ಅದು ಆಗೋ ಹೊತ್ತಿಗೆ ಹಾಲೂ ಇರಲ್ಲ, ಒಲೇನೂ ಇರಲ್ಲ," ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. "ಏಳ್ರಿ ಎಲ್ಲಾರೂ. ಆ ತಾಯಿ ಮಂಡಿ ಹೋಗ್ತಾ ಇದೆ. ದೇವರಿಗೆ ಹಾಲು ಉಕ್ಕೋದು ಗೊತ್ತಾಗಲ್ವಾ?"

ಅಣ್ಣನ ಪ್ರಕಾರ ಆ ಹೊತ್ತಿನಲ್ಲಿ ಅತ್ತೆ ಆಮೆನ್ ಹೇಳಿದರು. ಅತ್ತೆ ಸಾಯುವ ತನಕ ತಾವು ಹೇಳಲಿಲ್ಲ, ಹೇಳಿದವರು ಅಪ್ಪ ಎನ್ನುತ್ತಿದ್ದರು. ಅಪ್ಪ ಆ ಮಾತನ್ನೇ ಎತ್ತಲಿಲ್ಲ. ಪಾರ್ವತಮ್ಮನವರು ತಮಗೆ ಆಮೆನ್ ಕೇಳಿಸಲೇ ಇಲ್ಲ ಎಂದು ಗೋಡೆಯ ಮೇಲೆ ಕೈಯಿಟ್ಟು ಹೇಳಿದರು, ನಾನು ಅವರ ಪಕ್ಷ. ಉಳಿದ ಹಾಲಿಗೆ ನೀರು ಬೆರೆಸಿ ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ಮದುವೆಯ ಮಾತನ್ನು ಯಾರೂ ಆಡಲಿಲ್ಲ, ಬಿಸಿಲಿನ ಮಾತಾಡಿದರು. ಹೊರಡುವಾಗ ಯೋಹಾನ ಜಗುಲಿಯ ಬಳಿ ಒಂದು ಕ್ಷಣ ನಿಂತು, "ನಿಮಗೆ ಉತ್ತರ ಬಂದ್ರೆ ನನಗೂ ಹೇಳಿಕಳಿಸಿ," ಎಂದರು. ನಗಲಿಲ್ಲ. ಕಥೆ ಚೆನ್ನಾಗಿರಬೇಕಾದರೆ ಆ ಮಾತಿಗೆ ಸೋತು ನಾನು ಅವರನ್ನೇ ಮದುವೆಯಾಗಬೇಕಿತ್ತು. ಆಗಲಿಲ್ಲ. ಅವರಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು, ಚೆನ್ನಾಗಿ ಪ್ರಾರ್ಥಿಸುತ್ತಾಳೆ ಎಂದು ಕೇಳಿದ್ದೇನೆ. ನಾನು ಶಾಲೆಯಲ್ಲೇ ಉಳಿದೆ. ಇದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಪಡು ಎಂದು ಸಭೆಯ ಹಿರಿಯರು ಮನೆಗೆ ಬಂದು ಹೇಳಿದಾಗಲೂ, ಯಾವುದಕ್ಕೆ ಎಂದು ಕೇಳಿದೆ. ಕೇಳಿದ್ದಕ್ಕೋ, ಕಾಯ್ದದ್ದಕ್ಕೋ? ಅವರು ಕಾಫಿ ಕುಡಿದು ಹೋದರು.

ಅಪ್ಪ ಮರುದಿನದಿಂದ ಮತ್ತೆ ಪುಸ್ತಕ ತೆಗೆದರು. ಕೆಲವು ತಿಂಗಳಾದ ಮೇಲೆ ನಾನು ಬಟ್ಟೆ ಒಗೆಯುತ್ತಿದ್ದಾಗ ಬಾವಿಯ ಬಳಿ ಬಂದು, ನನ್ನ ಮುಖ ನೋಡದೆ, "ಏನಾದ್ರೂ ಹೇಳಿದ್ನಾ?" ಎಂದರು. "ಇನ್ನೂ ಇಲ್ಲ" ಎಂದೆ. ಅವರು ಹಗ್ಗವನ್ನು ಸುಮ್ಮನೆ ಸುತ್ತುತ್ತ, "ನನಗೂ ಅವತ್ತು ಅಷ್ಟು ಸ್ಪಷ್ಟವಾಗಿ ಹೇಳಿದ ಅಂತ ಅಲ್ಲ," ಎಂದು ಒಳಗೆ ಹೋದರು. ಈ ಮಾತು ನನ್ನ ಮನಸ್ಸಿನಲ್ಲಿ ಎಷ್ಟು ನಿಚ್ಚಳವಾಗಿದೆಯೆಂದರೆ ಹಗ್ಗದ ಒದ್ದೆ ನಾರೂ ಕಾಣುತ್ತದೆ. ತೊಂದರೆ ಏನೆಂದರೆ, ಅಪ್ಪ ತಮ್ಮ ಜನ್ಮದಲ್ಲಿ ಬಾವಿಯ ಬಳಿ ಬಂದವರಲ್ಲ, ನೀರು ಸೇದುವ ಹಗ್ಗ ಮುಟ್ಟಿದವರೂ ಅಲ್ಲ. ಅವರು ಬಂದಿದ್ದರೇ, ಇಲ್ಲವೇ ಅವರು ಬರಬೇಕಿತ್ತು ಎಂದು ನಾನೇ ಅವರನ್ನು ಅಲ್ಲಿ ನಿಲ್ಲಿಸಿದ್ದೇನೆಯೇ, ಹೇಳಲು ಈಗ ಯಾರೂ ಇಲ್ಲ. ಅಳಿಸಿಹಾಕೋಣ ಎಂದುಕೊಂಡೆ. ಕೈ ಬರಲಿಲ್ಲ. ನಾನೂ ಕರಡು ತಿದ್ದುವವರ ಮಗಳು, ಬೇಕಾದ ವಾಕ್ಯವನ್ನು ಸೇರಿಸುವುದು ರಕ್ತದಲ್ಲೇ ಬಂದಿರಬಹುದು.

ದೇವರು ಇಂದಿನವರೆಗೂ ಉತ್ತರ ಕೊಟ್ಟಿಲ್ಲ. ನಾನೂ ಆಮೆನ್ ಹೇಳಿಲ್ಲ. ಅಂದಮೇಲೆ ಅಪ್ಪನ ಕಟ್ಟಳೆಯ ಪ್ರಕಾರ ಆ ಪ್ರಾರ್ಥನೆ ಇನ್ನೂ ನಡೆಯುತ್ತಲೇ ಇದೆ. ಆಮೇಲೆ ನಾನು ಕಲಿಸಿದ ಪಾಠಗಳು, ಬಡಿದ ಬಟ್ಟೆಗಳು, ಲಾಲ್‌ಬಾಗಿನಲ್ಲಿ ತಿರುಗಾಡಿದ ಸಂಜೆಗಳು, ಎಲ್ಲವೂ ಅದರ ನಡುವಿನ ಮೌನಕ್ಕೆ ಸೇರಿದವು. ಇಷ್ಟು ಉದ್ದದ ಪ್ರಾರ್ಥನೆ ಮಾಡಿದ ಇನ್ನೊಬ್ಬರು ನಮ್ಮ ಸಭೆಯಲ್ಲಿ ಇದ್ದರೆ ಮುಂದೆ ಬರಲಿ. ದೇವರ ಸಂಗಡ ಸ್ವಂತ ಸಂಬಂಧ ಎಂದರೆ ಇಬ್ಬರಲ್ಲಿ ಒಬ್ಬರೂ ಎದ್ದು ಹೋಗದಿರುವುದು ಎಂದು ನಾನು ತಿಳಿದುಕೊಂಡಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಈಗ ನಾನಿರುವುದು ಅಣ್ಣನ ಮನೆಯಲ್ಲಿ. ಅವನಿಗೆ ವಯಸ್ಸಾದಂತೆ ಅಪ್ಪನ ಮುಖ ಬಂದಿದೆ, ಅಪ್ಪನ ಪದ್ಧತಿಯೂ ಬಂದಿದೆ, ಸಂಜೆ ಒಬ್ಬೊಬ್ಬರೂ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ. ಮೊನ್ನೆ ನನ್ನ ಸರದಿಯಲ್ಲಿ, ಮನೆಯವರ ಆರೋಗ್ಯ ಮುಗಿಸಿ ಊರಿನವರ ಕ್ಷೇಮಕ್ಕೆ ಹೋಗುವ ದಾರಿಯಲ್ಲಿ, ನನ್ನ ಬಾಯಿಂದಲೇ ಈ ಮಾತು ಹೊರಟಿತು: "ಕರ್ತನೇ, ಹಿರಿಯರ ಕೊಡೆಯನ್ನ ಕೇಳದೆ ತಗೊಂಡು ಹೋಗಿ, ಕಡ್ಡಿ ಮುರಿದು ತಂದು, ಮೂಲೇಲಿ ನಿಲ್ಲಿಸೋ ಎಳೆಯರನ್ನ ಕ್ಷಮಿಸು."

ಪಕ್ಕದಲ್ಲಿ ಮೊಣಕಾಲೂರಿದ್ದ ಅಣ್ಣನ ಮಗಳು ಪ್ರೇಮ ಆಮೆನ್‌ಗೆ ಕಾಯಲಿಲ್ಲ. ನಾವು ಅಷ್ಟಾದರೂ ಕಾಯುತ್ತಿದ್ದೆವು. "ಅತ್ತೆ, ಕೊಡೆ ತಗೊಂಡೋಗಿದ್ದು ನಾನು. ನನ್ನನ್ನೇ ಬೈಬಾರ್ದಾ? ದೇವರನ್ಯಾಕೆ ಮಧ್ಯ ಎಳೀತೀರಿ?" ಎಂದಳು. ಅಣ್ಣ ಗದರಲಿಲ್ಲ, ಅವನ ಭುಜ ನಗುವಿನಿಂದ ಅಲುಗುತ್ತಿದ್ದದ್ದು ಕಣ್ಣು ಮುಚ್ಚಿದ್ದರೂ ನನಗೆ ಗೊತ್ತಾಯಿತು. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಆಮೆನ್ ಹೇಳಿದರೆ ಕಣ್ಣು ಬಿಟ್ಟು ಆ ಹುಡುಗಿಯ ಮುಖ ನೋಡಬೇಕು. ಹೇಳದಿದ್ದರೆ ಹೀಗೇ ಇರಬೇಕು, ನನ್ನ ಮಂಡಿಗಳು ಆಗಲೇ ಯೋಹಾನನ ತಾಯಿಯ ಮಂಡಿಗಳಾಗಿದ್ದವು. ನಾನು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು, ಬಹಳ ವರ್ಷಗಳ ಮೇಲೆ ಬಹಳ ಸ್ವಂತವಾದ ಒಂದು ಪ್ರಾರ್ಥನೆ ಮಾಡಿದೆ. ಅತ್ತಿಗೆ ಒಲೆಯ ಮೇಲೆ ಹಾಲಿಟ್ಟು ಬಂದಿರಲಿ ಎಂದು.